ಬಂಡೆಯ ಹಿಂಬದಿ

ಮಾರ್ಚ್ 14, ಗುರುವಾರ

ವಾದಿ ಸರಾರ್ ಕಣಿವೆ. ನೀರು ಮೊಣಕಾಲಿನವರೆಗೆ, ಕಿರಿದಾದ ಕಡೆ ಸೊಂಟದವರೆಗೆ. ಚಳಿಗಾಲದ ಪ್ರವಾಹದ ಕೆಸರು ಇನ್ನೂ ತಿಳಿಯಾಗಿಲ್ಲ. ಏಳೂ ಜಲಪಾತಗಳಲ್ಲಿ ಹಗ್ಗ ಕಟ್ಟಲು ಬಂಡೆಗೆ ಸುತ್ತಿದ ಪಟ್ಟಿ ಬದಲಿಸಿದೆ. ನಾಲ್ಕು ಗಂಟೆಗೆ ಮೇಲೆ ಬಂದೆ. ವಿಪರೀತ ಚಳಿ.

ಏಪ್ರಿಲ್ 8, ಸೋಮವಾರ

ಈ ಪುಸ್ತಕ ಇರುವುದು ಕಣಿವೆಯ ನೀರಿನ ಲೆಕ್ಕ ಬರೆದಿಡಲು. ಇಳಿದ ದಿನ ನೀರೆಷ್ಟಿತ್ತು, ಹಗ್ಗ ಹೇಗಿತ್ತು, ಎಷ್ಟು ಜನ ಇಳಿದರು ಎಂಬುದನ್ನು ಪ್ರತಿಯೊಬ್ಬ ಮಾರ್ಗದರ್ಶಿಯೂ ಬರೆದಿಟ್ಟುಕೊಳ್ಳಬೇಕೆಂದು ನಮ್ಮ ಮುಂದಾಳು, ದೊಡ್ಡಮ್ಮನ ಮಗ ರಾಕಾನ್ ಮಾಡಿದ ನಿಯಮ. ಇವತ್ತು ನಾನು ಎಲ್ಲಿಗೂ ಇಳಿದಿಲ್ಲ. ಸುಮ್ಮನೆ ಕೂತರೆ ತಲೆ ಒಂದೇ ಕಡೆ ಸುತ್ತುತ್ತದೆ, ಅದಕ್ಕೆ ತೆರೆದಿದ್ದೇನೆ.

ಶುಕ್ರವಾರ ರಾಕಾನ್ ಮತ್ತು ನಾನು ನಾಲ್ವರು ಜೆಕ್ ಪ್ರವಾಸಿಗಳನ್ನು ಕರೆದುಕೊಂಡು ಇಳಿದೆವು. ನೀರು ತಿಳಿಯಾಗಿತ್ತು. ನಾಲ್ಕು ಜಲಪಾತಗಳನ್ನು ಹಗ್ಗದಲ್ಲಿ ಸಲೀಸಾಗಿ ಇಳಿದೆವು, ಪ್ರವಾಸಿಗಳು ನಗುತ್ತಿದ್ದರು. ಐದನೆಯದು ಹನ್ನೆರಡು ಮೀಟರ್. ಅಲ್ಲಿ ಎರಡು ಗೋಡೆಗಳ ನಡುವೆ ಕುಳಿತ ಒಂಟೆಯಷ್ಟು ದೊಡ್ಡ ಬಂಡೆ ಸಿಕ್ಕಿಕೊಂಡಿದೆ. ಬಂಡೆಗೆ ಸುತ್ತಿದ ಪಟ್ಟಿ, ಪಟ್ಟಿಗೆ ಉಕ್ಕಿನ ಬಳೆ, ಬಳೆಯೊಳಗೆ ಹಗ್ಗ. ಇಳಿಯುವವನ ಭಾರವನ್ನೆಲ್ಲ ಹೊರುವುದು ಅಷ್ಟೇ. ರಾಕಾನ್ ಯಾವಾಗಲೂ ಮೊದಲು ತಾನೇ ಇಳಿಯುತ್ತಾನೆ. ಮೂರು ಮೀಟರ್ ಇಳಿದಿದ್ದ. ಪಟ್ಟಿ ಕಿತ್ತುಹೋಯಿತು.

ಕೆಳಗಿನ ಗುಂಡಿಯಲ್ಲಿ ನೀರು ತೊಡೆಯುದ್ದ ಮಾತ್ರ. ಸೊಂಟದ ಮೂಳೆ ಎರಡು ಕಡೆ ಮುರಿದಿದೆ, ಎಡಗಾಲಿನ ಹಿಮ್ಮಡಿ ಪುಡಿಯಾಗಿದೆ. ನನ್ನ ಚೀಲದಲ್ಲಿದ್ದ ಇನ್ನೊಂದು ಹಗ್ಗ ಕಟ್ಟಿಕೊಂಡು ಇಳಿದೆ. ಪ್ರವಾಸಿಗಳಲ್ಲಿ ಒಬ್ಬಾಕೆ ನರ್ಸ್. ಅವಳು ಹೇಳಿದಂತೆ ಅವನ ಬೆನ್ನನ್ನು ಅಲುಗಿಸದೆ ನನ್ನ ತೊಡೆಯ ಮೇಲೆ ಇಟ್ಟುಕೊಂಡು ನೀರಿನಲ್ಲೇ ಕೂತೆ. ಮೃತ ಸಮುದ್ರದ ಕಡೆಯಿಂದ ರಕ್ಷಣಾ ದಳದವರು ಹತ್ತಿ ಬರುವ ಹೊತ್ತಿಗೆ ಅವನು ಬಿದ್ದು ಐದೂವರೆ ಗಂಟೆ ಕಳೆದಿತ್ತು.

ಊರಲ್ಲಿ ಎಲ್ಲರೂ ನನ್ನ ಭುಜ ತಟ್ಟುತ್ತಿದ್ದಾರೆ.

ಏಪ್ರಿಲ್ 11, ಗುರುವಾರ

ಕರಕ್‌ನ ಆಸ್ಪತ್ರೆಗೆ ಹೋಗಿ ರಾಕಾನ್‌ನನ್ನು ನೋಡಿ ಬಂದೆ. ಸೊಂಟಕ್ಕೆ ತಗಡು, ಸ್ಕ್ರೂ ಹಾಕಿದ್ದಾರೆ. ದೊಡ್ಡಮ್ಮ, ಅಂದರೆ ರಾಕಾನ್‌ನ ತಾಯಿ, ನನ್ನ ಅಮ್ಮನ ಅಕ್ಕ, ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ನೀನಿಲ್ಲದಿದ್ದರೆ ಇವತ್ತು ನನ್ನ ಮಗ ಮಣ್ಣಿನಲ್ಲಿರುತ್ತಿದ್ದ ಎಂದಳು. ಕೈ ಬಿಡಿಸಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತೆ.

ನಾಲ್ಕನೇ ಜಲಪಾತ ಇಳಿದದ್ದು ರಾಕಾನ್‌ಗೆ ನೆನಪಿದೆಯಂತೆ. ಆಮೇಲೆ ನೆನಪಿರುವುದು ನನ್ನ ಮುಖ, ಅದರ ಮೇಲೆ ಒಂದು ಗೆರೆಯಷ್ಟು ಆಕಾಶ. ನಡುವೆ ಏನೂ ಇಲ್ಲ.

"ಹಗ್ಗಾನ ಬಳೆಗೆ ಸರಿಯಾಗಿ ಪೋಣಿಸಿಲ್ಲ ಕಣೋ ನಾನು," ಎಂದ. "ಇನ್ನೇನಿರುತ್ತೆ? ಹದಿನಾರು ವರ್ಷ ಆಯ್ತಲ್ಲ, ಕೈ ತಾನೇ ಮಾಡ್ಕೊಳ್ಳುತ್ತೆ ಅಂತ ಬಿಟ್ಬಿಟ್ಟೆ."

"ಈಗ್ಯಾಕೆ ಅದೆಲ್ಲ. ಮಲ್ಕೊ ಅಣ್ಣಾ."

ಪೊಲೀಸಿನವರಿಗೂ ಹಾಗೇ ಹೇಳಿದ್ದಾನೆ. ನನ್ನನ್ನು ಕೇಳಿದಾಗ, ನಾನು ಪ್ರವಾಸಿಗಳ ಕಡೆ ತಿರುಗಿದ್ದೆ, ನೋಡಲಿಲ್ಲ ಎಂದಿದ್ದೆ. ಅವರು ಬರೆದುಕೊಂಡು ಚಹಾ ಕುಡಿದು ಹೋದರು.

ಏಪ್ರಿಲ್ 12

ಬರೆಯುವಂಥದ್ದು ಏನೂ ಇಲ್ಲ.

ಏಪ್ರಿಲ್ 19, ಶುಕ್ರವಾರ

ಮಸೀದಿಯಿಂದ ಬಂದು ನೇರ ಮಾಳಿಗೆ ಹತ್ತಿದ್ದೇನೆ. ಇದನ್ನು ಯಾರೂ ಓದುವುದಿಲ್ಲ. ಇಲ್ಲಾದರೂ ಬರೆಯದಿದ್ದರೆ ಹೇಗೆ?

ಮಾರ್ಚ್ 14ರ ಸಾಲು ಸುಳ್ಳು. ಏಳಲ್ಲ, ನಾಲ್ಕು ಕಡೆ ಮಾತ್ರ ಬದಲಿಸಿದ್ದೆ. ಐದನೆಯದರ ಬಂಡೆ ಮುಟ್ಟಬೇಕಾದರೆ ಕುತ್ತಿಗೆವರೆಗಿನ ಹೊಂಡ ಈಜಬೇಕು. ಪಟ್ಟಿ ಬಂಡೆಯ ಹಿಂದೆ ಹಾದುಹೋಗುವ ಜಾಗ ನೀರಿನ ಅಡಿಯಲ್ಲಿದೆ. ಅದನ್ನು ಮುಟ್ಟಿ ನೋಡಲು ತಲೆ ಮುಳುಗಿಸಬೇಕು. ಅಷ್ಟು ಹೊತ್ತಿಗೆ ಬಿಸಿಲು ಗೋಡೆಯ ಮೇಲಕ್ಕೆ ಸರಿದಿತ್ತು. ಬೆರಳು ಮರಗಟ್ಟಿದ್ದವು. ದಡದಲ್ಲಿ ನಿಂತು ನೋಡಿದೆ. ಈ ಕಡೆಯಿಂದ ಕೆಂಪು ಪಟ್ಟಿ ಚೆನ್ನಾಗೇ ಕಂಡಿತು. ಸಾಕು ಎಂದುಕೊಂಡೆ. ಪಕ್ಕದ ಮೇಕೆ ದಾರಿ ಹತ್ತಿ ಮನೆಗೆ ಬಂದೆ. ಹೆಂಡತಿ ನೂಫ್ ಹಚ್ಚಿಟ್ಟ ಒಲೆಯ ಮುಂದೆ ಕೂತು, ಇನ್ನೂ ನಡುಗುತ್ತಲೇ ಆ ಸಾಲು ಬರೆದೆ. ರಾಕಾನ್ ಫೋನ್ ಮಾಡಿದಾಗ ಎಲ್ಲ ಆಯಿತು ಎಂದೆ.

ಇಷ್ಟೇ ಆಗಿದ್ದರೆ ಒಂದು ತರಹ. ಆ ಶುಕ್ರವಾರ ಬಂಡೆಯ ಹತ್ತಿರ ಅವನು ಕೇಳಿದ. ಪಟ್ಟಿಯನ್ನು ಎಳೆದು ನೋಡುತ್ತ, "ಹೊಸದು ತಾನೇ?" ಎಂದ. ಪ್ರವಾಸಿಗಳು ಹೊಂಡದ ಆಚೆ ಇದ್ದರು. ನಾನು "ಹೂಂ" ಎಂದೆ. ಆ ಒಂದು ಅಕ್ಷರ ಹೇಳುವಾಗ ನನಗೆ ಹೆದರಿಕೆ ಕೂಡ ಆಗಲಿಲ್ಲ. ನನ್ನ ಚೀಲದಲ್ಲಿ ಹೊಸ ಪಟ್ಟಿ ಇತ್ತು. ಬೆನ್ನ ಮೇಲೇ ಇತ್ತು.

ಬಿದ್ದಮೇಲೆ ಆ ಹೊಸ ಪಟ್ಟಿಯನ್ನೇ ಬಂಡೆಗೆ ಸುತ್ತಿ ಇಳಿದೆ. ಅದಕ್ಕೆ ಮೊದಲು ಹಳೆಯದರ ತುಂಡನ್ನು ಎಳೆದು ತೆಗೆದೆ. ಹಿಂಬದಿ ಬಿಳಿಚಿ ನಾರುನಾರಾಗಿತ್ತು. ಅದನ್ನು ನೀರಿಗೆ ಬಿಟ್ಟೆ. ಅಣ್ಣ ಕೆಳಗೆ ನರಳುತ್ತಿದ್ದ, ನನ್ನ ಕೈಗೆ ಮೊದಲು ಹೊಳೆದ ಕೆಲಸ ಅದು. ಈಗ ಅಲ್ಲಿ ಇರುವುದು ಹೊಸ ಪಟ್ಟಿ. ನೋಡಿದವರು ಮಾರ್ಚ್‌ನಲ್ಲಿ ಕಟ್ಟಿದ್ದೆಂದೇ ತಿಳಿಯುತ್ತಾರೆ.

ಏಪ್ರಿಲ್ 27, ಶನಿವಾರ

ರಾಕಾನ್‌ನನ್ನು ಮನೆಗೆ ತಂದರು. ಮುಂದಿನ ಕೋಣೆಯಲ್ಲಿ ಮಂಚ. ಬೆಳಿಗ್ಗೆ, ಸಂಜೆ ಅವನನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸಬೇಕು; ಅವನ ಹೆಂಡತಿ ಫಿದ್ದಾ ಒಬ್ಬಳಿಂದ ಆಗುವುದಿಲ್ಲ. ನಾನು ಬರುತ್ತೇನೆ ಎಂದೆ. ಅವನು ನನ್ನ ಕುತ್ತಿಗೆಗೆ ಕೈ ಹಾಕಿ ಎದ್ದಾಗ, ಮೂರು ವಾರದಲ್ಲಿ ಎಷ್ಟು ಹಗುರವಾಗಿದ್ದಾನೆ ಎಂದು ಗೊತ್ತಾಯಿತು.

ದೊಡ್ಡಮ್ಮ ಮಾಳಿಗೆಯ ಮೇಲೆ ಮೊಸರಿನ ಉಂಡೆ ಒಣಗಿಸುತ್ತಿದ್ದಾಳೆ. ಈ ವರ್ಷದ ಮೊದಲ ಜಮೀದ್ ಎಂದು ಒಂದು ಚೀಲ ನನ್ನ ಕೈಗೆ ಕೊಟ್ಟಳು. ಪ್ರತಿವರ್ಷ ಮೊದಲನೆಯದು ರಾಕಾನ್‌ಗೆ.

ಮೇ 3, ಶುಕ್ರವಾರ

ವಾದಿ ಸರಾರ್. ನೀರು ಮೊಣಕಾಲಿಗಿಂತ ಒಂದು ಗೇಣು ಕೆಳಗೆ. ಐವರು ಪ್ರವಾಸಿಗಳು, ಮುಂದಾಳು ನಾನು. ನನಗೆ ಸಹಾಯಕ್ಕೆ ಕೆಳಗಿನ ಗೋರ್ ಬಯಲಿನಿಂದ ಬಂದ ಮಾರ್ಗದರ್ಶಿ ಶಿಹಾದ.

ಹೋಗುವುದಿಲ್ಲ ಎನ್ನಬೇಕೆಂದಿದ್ದೆ. ಪ್ರವಾಸ ಕಂಪನಿಯವರು ರಾಕಾನ್‌ಗೇ ಫೋನ್ ಮಾಡಿದ್ದರಂತೆ, ಅವನೇ ನನ್ನ ಹೆಸರು ಹೇಳಿದ್ದಾನೆ.

ಕಣಗಿಲೆ ಹೂ ಬಿಟ್ಟಿದೆ. ಎರಡನೇ ಜಲಪಾತದ ಪಕ್ಕ ಗೋಡೆಯಿಂದ ಬಿಸಿನೀರು ಒಸರುವ ಕಡೆ ಎಲ್ಲರೂ ಬೆನ್ನು ಕೊಟ್ಟು ನಿಂತು ಮೈ ಕಾಯಿಸಿಕೊಂಡರು. ನಾನು ಪ್ರತಿ ಜಲಪಾತದಲ್ಲೂ ಪಟ್ಟಿಯನ್ನು ಎರಡು ಸಲ ತಿರುಗಿಸಿ ನೋಡಿದೆ. ಐದನೆಯದರಲ್ಲಿ ಹೊಂಡ ಈಜಿ, ಮೂಗು ಹಿಡಿದು ಮುಳುಗಿ ಬಂಡೆಯ ಹಿಂದೆ ಕೈ ಹಾಕಿದೆ. ನೀರು ಭುಜದ ಮೇಲಿಂದ ಕೆಳಕ್ಕೆ ಎಳೆಯುತ್ತಿತ್ತು. ನಾನೇ ನಾಲ್ಕು ವಾರದ ಹಿಂದೆ ಕಟ್ಟಿದ್ದು, ಚೆನ್ನಾಗಿದೆ ಎಂದು ಗೊತ್ತು. ಆದರೂ ಮೂರು ಸಲ ಮುಳುಗಿದೆ. ಅರ್ಧ ಗಂಟೆ ಹಿಡಿಯಿತು. ಪ್ರವಾಸಿಗಳು ಹಲ್ಲು ಕಟಕಟಿಸುತ್ತಿದ್ದರು. ಒಬ್ಬ ಶಿಹಾದನನ್ನು ಕರೆದು, ನಿಮ್ಮ ಮುಂದಾಳು ಹೊಸಬನೇ ಎಂದು ಕೇಳಿದನಂತೆ.

ಮೊದಲು ಅವರನ್ನು ಇಳಿಸಲಿಲ್ಲ, ನಾನೇ ಇಳಿದೆ. ಕೆಳಗೆ ಕಾಲೂರಿದ ಮೇಲೆ ಹೆಲ್ಮೆಟ್ ತೊಳೆಯುವವನಂತೆ ಬಗ್ಗಿ ಕೂತೆ. ಮಾರ್ಚ್‌ನಲ್ಲಿ ಬಿಟ್ಟಿದ್ದ ಆರು, ಏಳನೆಯದರ ಪಟ್ಟಿಗಳನ್ನೂ ಬದಲಿಸಿ, ಏಳನೆಯದರ ಅರವತ್ತು ಮೀಟರ್ ಇಳಿದು ರಸ್ತೆ ಮುಟ್ಟುವಾಗ ಸಂಜೆ ಆರಾಗಿತ್ತು. ಹಿಂದೆಲ್ಲ ಮೂರೂವರೆಗೆ ಮುಗಿಸುತ್ತಿದ್ದೆವು. ನಾನು ಪುಕ್ಕಲನಾಗಿದ್ದೇನೆ.

ಮೇ 10

ಉಪವಾಸ ಶುರುವಾಗಿ ಐದು ದಿನ. ಸೂರ್ಯ ಮುಳುಗಿದ ಮೇಲೆ ರಾಕಾನ್‌ನ ಮನೆಯಲ್ಲೇ ಎಲ್ಲರೂ ಊಟಕ್ಕೆ ಕೂತೆವು. ಖರ್ಜೂರ ಬಾಯಿಗಿಟ್ಟುಕೊಂಡು, ಸಾಮಾನ್ಯ ವಿಷಯ ಹೇಳುವವನಂತೆ ರಾಕಾನ್ ಹೇಳಿದ: ಕಂಪನಿಯವರಿಗೆ ತಪ್ಪು ತನ್ನದೇ ಎಂದು ಬರೆದು ಕೊಟ್ಟಿದ್ದಾನೆ, ಅವರು ಅವನ ಹೆಸರನ್ನು ತೆಗೆದಿದ್ದಾರೆ. ಕಾಲು ಸರಿಹೋದರೂ ಇನ್ನು ಅವನ ಕೈಗೆ ಜನರನ್ನು ಕೊಡುವುದಿಲ್ಲ.

ಫಿದ್ದಾ ಪಾತ್ರೆ ತೆಗೆದುಕೊಂಡು ಒಳಗೆ ಹೋದವಳು ತುಂಬ ಹೊತ್ತು ಬರಲಿಲ್ಲ.

ಮೇ 12, ಭಾನುವಾರ

ನೂಫ್‌ಗೆ ಹೇಳಿದೆ. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳ ಮುಖ ಹೀಗೆ ಬೆಳ್ಳಗಾದದ್ದನ್ನು ನೋಡಿರಲಿಲ್ಲ. ಬಾಗಿಲು ಹಾಕಿ ಬಂದು ಕೂತಳು. ಬೇರೆ ಯಾರಿಗಾದರೂ ಗೊತ್ತೇ ಎಂದು ಕೇಳಿದಳು. ಇಲ್ಲ ಎಂದೆ.

"ಹಾಗಾದ್ರೆ ಸುಮ್ನಿರಿ," ಎಂದಳು. "ನೀವು ಹೇಳ್ಬಿಟ್ರೆ ಅವರ ಸೊಂಟ ಕೂಡ್ಕೊಳ್ಳುತ್ತಾ? ಎರಡು ಮನೆ ಒಡೆಯುತ್ತೆ ಅಷ್ಟೆ. ದೊಡ್ಡಮ್ಮನಿಗೆ ಇರೋದು ನೀವಿಬ್ರೇ."

ಅವಳು ಹೇಳುವುದರಲ್ಲಿ ತಪ್ಪಿಲ್ಲ. ನಾನೂ ಐದು ವಾರದಿಂದ ಇದನ್ನೇ ನನಗೆ ಹೇಳಿಕೊಂಡಿದ್ದೇನೆ. ಅವಳ ಬಾಯಿಂದ ಕೇಳಿದಾಗ ಮಾತ್ರ ಅದು ಕಳ್ಳರ ಮಾತಿನ ಹಾಗೆ ಕೇಳಿಸಿತು.

ಮೇ 29

ನೀರು ಮೀನಖಂಡದವರೆಗೆ. ಇಬ್ಬರನ್ನು ಮಾತ್ರ ಇಳಿಸಿದೆ. ಇನ್ನಿಬ್ಬರು ಮಧ್ಯಾಹ್ನ ಹನ್ನೆರಡಕ್ಕೆ ಬಂದರು. ತಡವಾಯಿತು, ಇವತ್ತು ಆಗುವುದಿಲ್ಲ ಎಂದು ವಾಪಸು ಕಳಿಸಿದೆ. ಬೈದು ಹೋದರು. ಗ್ಯಾಸ್ ಸಿಲಿಂಡರ್ ಆರಿಸಿದ್ದನ್ನು ನಾನು ಮೂರು ಸಲ ನೋಡುತ್ತೇನೆಂದು ನೂಫ್ ರೇಗುತ್ತಾಳೆ. ಮೊದಲು ಏನಾದರೂ ಹೇಳಿದರೆ "ಆಗುತ್ತೆ ಬಿಡು" ಎನ್ನುತ್ತಿದ್ದಿರಿ, ಆಗಲೇ ನೆಮ್ಮದಿಯಾಗಿತ್ತು ಎಂದಳು.

ರಾಕಾನ್ ಊರುಗೋಲಿನಲ್ಲಿ ಆರು ಹೆಜ್ಜೆ ನಡೆದ. ಏಳನೆಯದಕ್ಕೆ ನನ್ನ ಮೇಲೆ ಬಿದ್ದ. ಇಬ್ಬರೂ ನಕ್ಕೆವು. ಆಮೇಲೆ ಹೊರಗೆ ಬಂದು ಮೇಕೆಗಳಿಗೆ ನೀರು ಹಾಕುವಾಗ, ನಗುವ ಹಕ್ಕು ನನಗೆ ಎಲ್ಲಿಂದ ಬಂತು ಅನಿಸಿತು.

ಜೂನ್ 14, ಶುಕ್ರವಾರ

ಹೇಳಿಬಿಟ್ಟೆ.

ಈ ಬಾರಿ ಕಣಿವೆಯ ಕೆಲಸಕ್ಕೆ ಹೊಸದಾಗಿ ಮೂವರು ಸೇರಿದ್ದಾರೆ. ಅವರಿಗೆ ಹಗ್ಗದ ಪಾಠ ಹೇಳಿಕೊಡಲು ರಾಕಾನ್ ಒಪ್ಪಿದ್ದ. ಅಂಗಳದ ಅಂಜೂರದ ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ. ನಾನು, ಶಿಹಾದ, ಆ ಮೂವರು ಚಾಪೆಯ ಮೇಲೆ. ದೊಡ್ಡಮ್ಮ ಹೊಸ್ತಿಲಲ್ಲಿ ಬೇಳೆ ಆರಿಸುತ್ತಿದ್ದಳು. ಗಂಟುಗಳನ್ನು ತೋರಿಸಿದ. ಒದ್ದೆ ಹಗ್ಗ ಹೇಗೆ ಉದ್ದವಾಗುತ್ತದೆ, ಮೇಲೆ ಬೆಟ್ಟದಲ್ಲಿ ಮೋಡ ಕಂಡರೆ ಏಕೆ ಇಳಿಯಬಾರದು ಎಂದು ಹೇಳಿದ. ಆಮೇಲೆ ಒಂದು ಉಕ್ಕಿನ ಬಳೆಯನ್ನು ಕೈಯಲ್ಲಿ ಹಿಡಿದು, ತನ್ನ ತಪ್ಪನ್ನು ಪಾಠ ಮಾಡತೊಡಗಿದ.

ಹಗ್ಗವನ್ನು ಹೀಗೆ ಪೋಣಿಸಬೇಕಿತ್ತು, ನಾನು ಹೀಗೆ ಬಿಟ್ಟಿರಬೇಕು ಎಂದು ಮಾಡಿ ತೋರಿಸಿದ. ಆಗಿಲ್ಲದ ಒಂದನ್ನು ಅಷ್ಟು ವಿವರವಾಗಿ ತೋರಿಸಿದ. ರಾತ್ರಿಗಳೆಲ್ಲ ಮಲಗಿದಲ್ಲೇ ಅದನ್ನು ಕಟ್ಟಿಕೊಂಡಿದ್ದಾನೆ. "ನನ್ನ ಕೈ ಸೋಮಾರಿ ಆಗಿತ್ತು. ನನ್ನನ್ನ ನೋಡಿ ಕಲೀರಿ," ಎಂದು ಊರುಗೋಲನ್ನು ತಟ್ಟಿದ. ಹೊಸಬರಲ್ಲಿ ಒಬ್ಬ ಅದನ್ನು ಬರೆದುಕೊಂಡ.

ನಾನು ಎದ್ದು ನಿಂತಿದ್ದು ನನಗೆ ಗೊತ್ತಾಗಲಿಲ್ಲ.

"ಅದು ಬರ್ಕೋಬೇಡಿ," ಎಂದೆ. "ಅಣ್ಣ ಹಗ್ಗ ಸರಿಯಾಗೇ ಹಾಕಿದ್ದ. ಪಟ್ಟಿ ಹಳೇದಿತ್ತು. ಬದಲಾಯಿಸ್ಬೇಕಾಗಿದ್ದು ನಾನು. ಬದಲಾಯಿಸಿರಲಿಲ್ಲ. ಹೊಸದಾ ಅಂತ ಕೇಳ್ದ, ಹೂಂ ಅಂದೆ."

ಹಳೆಯ ತುಂಡನ್ನು ನೀರಿಗೆ ಬಿಟ್ಟಿದ್ದನ್ನೂ ಹೇಳಿದೆ. ನನ್ನ ಧ್ವನಿ ಬೇರೆ ಯಾರದೋ ಹಾಗಿತ್ತು.

ರಾಕಾನ್ ಬಳೆಯನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದ. ನನ್ನ ಕಡೆ ನೋಡಲಿಲ್ಲ. ಹೊಸಬರ ಕಡೆ ತಿರುಗಿ, ಬರೆದದ್ದನ್ನು ಹೊಡೆದುಹಾಕಲು ಹೇಳಿದ.

"ಇದನ್ನ ಬರ್ಕೊಳ್ಳಿ. ಪಟ್ಟಿ ಹೊಸದಾ ಅಂತ ಯಾರನ್ನೂ ಕೇಳ್ಬೇಡಿ. ಕೈ ಹಾಕಿ ನೋಡಿ. ತಮ್ಮ ಆದ್ರೂ ಸರಿ."

ಅಷ್ಟು ಹೇಳಿ ಪಾಠ ಮುಂದುವರಿಸಿದ. ಅವನ ಧ್ವನಿ ಎಲ್ಲೂ ಏರಲಿಲ್ಲ. ನಾನು ಚಪ್ಪಲಿ ಮೆಟ್ಟುವಾಗ ದೊಡ್ಡಮ್ಮ ಮೊರವನ್ನು ಪಕ್ಕಕ್ಕಿಟ್ಟು ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಐದೂವರೆ ಗಂಟೆ ಅವನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ಯಲ್ಲ ಮಗಾ," ಎಂದಳು. "ಆವಾಗ ಒಂದ್ಸಲ ಹೇಳಕ್ಕಾಗ್ಲಿಲ್ವಾ?"

ಜೂನ್ 15

ಸಂಜೆ ರಾಕಾನ್‌ನನ್ನು ಕುರ್ಚಿಗೆ ಕೂರಿಸಲು ಹೋದೆ. ಬಾಗಿಲಲ್ಲಿ ಶಿಹಾದ ನಿಂತಿದ್ದ. ಇವತ್ತಿನಿಂದ ತಾನು ಎತ್ತುತ್ತೇನೆ ಎಂದ.

ಜೂನ್ 21, ಶುಕ್ರವಾರ

ಊರಿಗೆಲ್ಲ ಗೊತ್ತಾಗಿದೆ. ರೊಟ್ಟಿ ಅಂಗಡಿಯಲ್ಲಿ ಮಾತು ನಿಲ್ಲುತ್ತದೆ, ನಾನು ಹೊರಗೆ ಬಂದಮೇಲೆ ಶುರುವಾಗುತ್ತದೆ. ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಬದಲಿಸಿ ಬರೆಸಿದೆ. ಕಂಪನಿಗೂ ಬರೆದೆ. ಅವರು ನನ್ನನ್ನು ಈ ವರ್ಷದ ಮಟ್ಟಿಗೆ ತೆಗೆದುಹಾಕಿದ್ದಾರೆ, ರಾಕಾನ್‌ನ ಹೆಸರನ್ನು ವಾಪಸು ಸೇರಿಸಿದ್ದಾರೆ. ನೂಫ್ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಚಹಾ ತಂದಿಟ್ಟು, ಮುಖ ಬೇರೆ ಕಡೆ ಮಾಡಿ, ಸರಿ ಮಾಡಿದಿರಿ ಎಂದಳು.

ಚಿಕ್ಕಪ್ಪ ಹಿರಿಯರನ್ನು ಕೂಡಿಸಿದ್ದ. ಪದ್ಧತಿಯಂತೆ ಹನ್ನೆರಡು ಜನ ರಾಕಾನ್‌ನ ಮನೆಗೆ ಹೋಗುವುದು, ಅವರು ಕೊಟ್ಟ ಕಾಫಿಯನ್ನು ಮುಟ್ಟದೆ ಕ್ಷಮೆ ಕೇಳುವುದು, ಅವರು ಒಪ್ಪಿದ ಮೇಲೆ ಕುಡಿಯುವುದು. ಅಲ್ಲಿಗೆ ಎಲ್ಲ ಮುಗಿಯುತ್ತದೆ, ಆಮೇಲೆ ಯಾರೂ ಬಾಯಿ ತೆಗೆಯುವಂತಿಲ್ಲ. ಮುಂಚಿತವಾಗಿ ಕೇಳಿಬರಲು ಚಿಕ್ಕಪ್ಪನೇ ಹೋದ. ಬೇಗ ವಾಪಸು ಬಂದ. ರಾಕಾನ್ ಗೌರವದಿಂದಲೇ ಕೂರಿಸಿ ಒಂದೇ ಮಾತು ಹೇಳಿದನಂತೆ: "ಕಾಫಿ ಕುಡಿದು ಎದ್ದು ಹೋಗೋ ವಿಷಯ ಅಲ್ಲ ಇದು, ಚಿಕ್ಕಪ್ಪ. ಅವನಿಗೂ ನನಗೂ ಬಿಟ್ಬಿಡಿ."

ಚಿಕ್ಕಪ್ಪನಿಗೆ ಅವಮಾನವಾಗಿದೆ. ನನಗೆ ಮಾತ್ರ ಏಕೋ ಉಸಿರು ಸಲೀಸಾಯಿತು.

ಜುಲೈ 2, ಮಂಗಳವಾರ

ಫಿದ್ದಾ ಬಂದಿದ್ದಳು. ಒಳಗೆ ಬರಲಿಲ್ಲ, ಗೇಟಿನಲ್ಲೇ ನಿಂತು ಹೇಳಿದಳು. ಏಳೂ ಜಲಪಾತಗಳ ಪಟ್ಟಿ ಬದಲಿಸಬೇಕಂತೆ. ಬದಲಿಸಿ, ಪ್ರತಿ ಬಂಡೆಯ ಹಿಂಬದಿಯ ಫೋಟೋ ತೆಗೆದು ಕಳಿಸಬೇಕಂತೆ. ರಾಕಾನ್ ಇಷ್ಟೇ ಹೇಳಿ ಕಳಿಸಿದ್ದಾನೆ.

ಕಾಲು ಹೇಗಿದೆ ಎಂದು ಕೇಳಿದೆ. ಊರುಗೋಲು ಇಲ್ಲದೆ ನಡೆಯುವುದು ಇನ್ನು ಕಷ್ಟ ಎಂದು ಡಾಕ್ಟರ್ ಹೇಳಿದ್ದಾರಂತೆ. ಎಡಗಾಲು ಎರಡು ಬೆರಳು ಗಿಡ್ಡವಾಗಿದೆ. ಅವನು ಮತ್ತೆ ಕಣಿವೆಗೆ ಇಳಿಯುವುದಿಲ್ಲ. ಅವಳು ಇದನ್ನು ಹೇಳುವಾಗ ನನ್ನ ಕಣ್ಣನ್ನೇ ನೋಡಿದಳು. ನಾನೂ ನೋಡಿದೆ.

ಜುಲೈ 4, ಗುರುವಾರ

ನೀರು ಪಾದದ ಗಂಟಿನವರೆಗೆ, ಹೊಂಡಗಳಲ್ಲಿ ಎದೆಯವರೆಗೆ. ಶಿಹಾದ ಜೊತೆಗೆ ಬಂದ. ಒಬ್ಬನೇ ಇಳಿಯಬಾರದು ಎಂದು ರಾಕಾನ್ ಅವನಿಗೆ ಹೇಳಿದ್ದನಂತೆ. ಮೂರನೆಯದರಲ್ಲಿ ಮೇಲಿಂದ ನೀರು ಮುಖಕ್ಕೇ ಬೀಳುತ್ತಿತ್ತು, ಗಂಟು ಹಾಕುವಾಗ ಕಣ್ಣು ಬಿಡಲಾಗಲಿಲ್ಲ. ಐದನೆಯದರಲ್ಲಿ ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮುಳುಗಿ ತೆಗೆದೆ. ಎಂಟು ಸಲ ತೆಗೆದಮೇಲೆ ಒಂದು ಸ್ಪಷ್ಟವಾಗಿ ಬಂತು. ರಸ್ತೆಗೆ ಬಂದು ಸಿಗ್ನಲ್ ಸಿಕ್ಕ ಕೂಡಲೆ ಏಳನ್ನೂ ಕಳಿಸಿದೆ. ಅವನು ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ.

ಜುಲೈ 5

ಉತ್ತರ ಇಲ್ಲ.

ಜುಲೈ 7, ಭಾನುವಾರ

ಸಂಜೆ ದೊಡ್ಡಮ್ಮನ ಮೇಕೆಗಳು ನಮ್ಮ ಗೋಡೆ ಹಾರಿ ಬಂದಿದ್ದವು. ಹೊಡೆದುಕೊಂಡು ಹೋಗಿ ಅವಳ ಕೊಟ್ಟಿಗೆಗೆ ಕೂಡಿಸಿದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ತಿರುಗುವವರೆಗೂ ಬಾಗಿಲು ಹಾಕಲಿಲ್ಲ.

ಮನೆಗೆ ಬರುವಷ್ಟರಲ್ಲಿ ಫೋನಿನಲ್ಲಿ ರಾಕಾನ್‌ನ ಸಂದೇಶ ಇತ್ತು. ಜೂನ್ 14ರ ಮೇಲೆ ಅವನಿಂದ ನೇರ ನನಗೆ ಬಂದ ಮೊದಲ ಮಾತು.

"ಮೂರನೇದರಲ್ಲಿ ಗಂಟಿನಾಚೆ ಬಿಟ್ಟ ಬಾಲ ಚಿಕ್ಕದಾಯ್ತು. ಬಿಚ್ಚಿ ಮತ್ತೆ ಕಟ್ಟು."

ನೂಫ್‌ಗೆ ಫೋಟೋ ತೋರಿಸಿದೆ. ದೊಡ್ಡದು ಮಾಡಿ ನೋಡಿದಳು. ಇದರಲ್ಲಿ ಏನು ತಪ್ಪಿದೆ, ಚೆನ್ನಾಗೇ ಕಾಣುತ್ತದಲ್ಲ ಎಂದಳು. ಒಂದು ಗಂಟಿಗಾಗಿ ಈ ಬಿಸಿಲಲ್ಲಿ ಅಷ್ಟು ದೂರ ಇಳಿದು ಬರಬೇಕೇ ಎಂದು ಕೇಳಿದಳು.

ಹೌದು, ಚೆನ್ನಾಗೇ ಕಾಣುತ್ತದೆ. ಶಿಹಾದನಿಗೆ ಹೇಳಿ ಕಳಿಸಿದ್ದೇನೆ. ಬೆಳಿಗ್ಗೆ ಐದಕ್ಕೆ ಹೊರಡಬೇಕು.